ಊರಿಗೆ ಹೋಗುವ ಹಡಗು

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳ ಚಳಿಯಲ್ಲಿ, ಕಾಶಿಯಾತ್ರೆ ಮುಗಿಸಿಕೊಂಡು ಹಿಂದಿರುಗುವಾಗ ಉತ್ತರದ ಕಡೆಯ ಒಂದು ಜಂಕ್ಷನ್ನಿನಲ್ಲಿ ನಾನು ಇಡೀ ರಾತ್ರಿ ಕೂರಬೇಕಾಯಿತು. ಮಂಜು ಕವಿದು ಎದುರಿನ ಪ್ಲಾಟ್‌ಫಾರಮ್ಮೇ ಕಾಣುತ್ತಿರಲಿಲ್ಲ. ರೈಲುಗಳೆಲ್ಲ ಎಲ್ಲೆಲ್ಲೋ ನಿಂತುಬಿಟ್ಟಿದ್ದವು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೂ ಪ್ರಯಾಣಿಕನಾದವನು ಗೊಣಗದೆ ಇರುವುದುಂಟೆ? ನಾನೂ ನನ್ನ ಪಾಲಿನದನ್ನು ಗೊಣಗುತ್ತ, ಶಾಲು ಹೊದ್ದು, ಚಹಾದ ಮಣ್ಣಿನ ಕುಡಿಕೆಯನ್ನು ಎರಡು ಕೈಯಲ್ಲೂ ಹಿಡಿದು ಕುಳಿತಿದ್ದೆ. ಪಕ್ಕದಲ್ಲಿ ಒಂದು ಕಪ್ಪು ತಗಡಿನ ಟ್ರಂಕು. ಅದರ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ನಂಬರು, ಹೆಸರು. ಟ್ರಂಕಿನ ಮೇಲೆ ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ತರುಣ. ಅವನು ಫೋನಿನಲ್ಲಿ ಯಾರಿಗೋ, “ಬರ್ತೇನವ್ವಾ, ಬರ್ತೇನು, ನೀ ಅಳಬ್ಯಾಡ” ಎನ್ನುತ್ತಿದ್ದ. ಆ ಊರಿನಲ್ಲಿ, ಆ ಅಪರಾತ್ರಿಯಲ್ಲಿ, ಕನ್ನಡ! ನನಗೆ ಚಳಿ ಅರ್ಧ ಬಿಟ್ಟಂತಾಯಿತು.

“ಯಾವ ಕಡೆಗೆ ತಮ್ಮಾ ಪ್ರಯಾಣ?” ಎಂದೆ.

“ಊರಿಗ್ರಿ ಕಾಕಾ. ಗೋಕಾಕ ಕಡೆ. ರಜಾ ಸಿಕ್ಕು ಹತ್ತು ದಿನ ಆತ್ರಿ. ಇನ್ನೂ ದಾರ್ಯಾಗ ಅದೇನಿ.”

ಅವನು ಸೈನ್ಯದವನು. ಕಾಶ್ಮೀರದ ಕಡೆ ಎಲ್ಲೋ ಎತ್ತರದ ಠಾಣ್ಯದಲ್ಲಿದ್ದವನು. ರಜೆಯ ಚೀಟಿ ಕೈಗೆ ಬಂದ ದಿನವೇ ಹಿಮ ಬಿದ್ದು ರಸ್ತೆ ಮುಚ್ಚಿತಂತೆ. ಟ್ರಾನ್ಸಿಟ್ ಕ್ಯಾಂಪಿನಲ್ಲಿ ಆರು ದಿನ, ಆಮೇಲೆ ಲಾರಿಯ ಸಾಲಿನಲ್ಲಿ ಎರಡು ದಿನ, ಆಮೇಲೆ ರೈಲು, ಈಗ ಮಂಜು. ಮರುದಿನ ಬೆಳಿಗ್ಗೆ ಊರಿನಲ್ಲಿ ಅವನ ಮೊದಲ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಗುವಿನ ಮುಖವನ್ನು ಅವನು ಫೋನಿನಲ್ಲಿ ಮಾತ್ರ ನೋಡಿದ್ದ. ನಾನು ಯಾರನ್ನೋ ಬಯ್ಯಲು ಹೊರಟೆ. ಅವನು ತಡೆದು, ಯಾವ ಅಸಮಾಧಾನವನ್ನೂ ತೋರಿಸದೆ ಒಂದು ಮಾತು ಹೇಳಿದ: “ಹೋಗೂವಾಗ ಗಾಡಿ ತಯಾರ ಇರತೈತ್ರಿ ಕಾಕಾ. ಬರೂವಾಗ ನಾವು ಹುಡುಕ್ಕೋಬೇಕು.”

ಆ ಮಾತು ನನ್ನೊಡನೆ ಬೆಂಗಳೂರಿನವರೆಗೂ ಬಂತು. ನಾನು ದಿನವೂ ಬೆಳಿಗ್ಗೆ ತಿರುಗಾಡಲು ಹೋಗುವ ದಾರಿಯಲ್ಲಿ, ಜೆ. ಸಿ. ನಗರದಲ್ಲಿ, ಒಂದು ಪುಟ್ಟ ಉದ್ಯಾನವಿದೆ. ಅದರೊಳಗೆ ಒಂದು ಕಲ್ಲಿನ ಕಂಬ. ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಹಿಂದಿರುಗದ ಮೈಸೂರು ಲಾನ್ಸರ್ಸ್ ರಾವುತರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಸೆಪ್ಟೆಂಬರ್ ೨೩ ಬಂದರೆ ಅಲ್ಲಿ ಹೂಮಾಲೆ, ತುತ್ತೂರಿ. ಉಳಿದ ದಿನಗಳಲ್ಲಿ ನಮ್ಮಂಥ ನಿವೃತ್ತರ ಹರಟೆ. ವರ್ಷಗಟ್ಟಲೆ ಆ ಕಂಬದ ಬಳಿ ಹಾದು ಹೋಗಿದ್ದೆ. ಗೋಕಾಕದ ಆ ಹುಡುಗನ ಮಾತು ಕೇಳಿದ ಮೇಲೆ ನನಗೊಂದು ಕುತೂಹಲ ಹುಟ್ಟಿತು. ಈ ರಾವುತರು ಹೈಫಾ ಪಟ್ಟಣವನ್ನು ಹಿಡಿದದ್ದು ಎಲ್ಲರಿಗೂ ಗೊತ್ತು. ಅದು ಒಂದು ಮಧ್ಯಾಹ್ನದ ಕೆಲಸ. ಅವರು ಊರು ಬಿಟ್ಟಿದ್ದುದಾದರೋ ಐದು ವರ್ಷಕ್ಕೂ ಹೆಚ್ಚು. ಆ ಮಿಕ್ಕ ದಿನಗಳೆಲ್ಲ ಹೇಗೆ ಕಳೆದವು?

ಮೈಸೂರು ಲಾನ್ಸರ್ಸ್ ದಳ ೧೮೯೨ರಲ್ಲಿ ಕಟ್ಟಿದ್ದು. ದೇಶೀಯ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧ ಬಂದಾಗ ಚಕ್ರಾಧಿಪತ್ಯದ ಕೆಲಸಕ್ಕೆ ಒಪ್ಪಿಸಬೇಕಾದ ‘ಇಂಪೀರಿಯಲ್ ಸರ್ವೀಸ್’ ಪಡೆಗಳಲ್ಲಿ ಇದೂ ಒಂದು. ೧೯೧೪ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು ಐವತ್ತು ಲಕ್ಷ ರೂಪಾಯಿಯನ್ನು ಯುದ್ಧದ ವೆಚ್ಚಕ್ಕೆಂದು ಕೊಟ್ಟರು. ಹಣದ ಹಿಂದೆಯೇ ಮನುಷ್ಯರೂ ಹೊರಟರು. ಅಕ್ಟೋಬರಿನಲ್ಲಿ ಸುಮಾರು ಐನೂರು ಜನ, ಅಷ್ಟೇ ಕುದುರೆ, ಜೊತೆಗೆ ಹೇಸರಗತ್ತೆಗಳು ಬೆಂಗಳೂರು ಬಿಟ್ಟು ಮುಂಬಯಿಗೆ ನಡೆದವು. ಸರ್ಕಾರದ ಅವಸರವನ್ನು ನೋಡಬೇಕು: ಯುದ್ಧ ಶುರುವಾಗಿ ಎರಡೂವರೆ ತಿಂಗಳೊಳಗೆ, ತಂತಿ, ರೈಲು, ಹಡಗುಗಳ ವ್ಯವಸ್ಥೆಯೆಲ್ಲ ಆಗಿ, ಬೆಂಗಳೂರಿನ ಲಾಯದಲ್ಲಿ ಹುರುಳಿ ತಿನ್ನುತ್ತಿದ್ದ ಕುದುರೆ ಈಜಿಪ್ಟಿನ ದಾರಿ ಹಿಡಿದಿತ್ತು. ಅವರು ಹೊರಟಾಗ ತುರ್ಕಿ ಇನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಸಾರಿದ್ದು ನವೆಂಬರ್ ೫ರಂದು. ಯಾರೊಡನೆ ಕಾದಾಡಲು ಹೋಗುತ್ತಿದ್ದೇವೆಂಬುದೇ ಊರು ಬಿಡುವಾಗ ಅವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ.

ಆ ಕಾಲದ ಕಡಲ ಪ್ರಯಾಣವೂ ಅಭಯದ್ದಾಗಿರಲಿಲ್ಲ. ‘ಎಮ್ಡನ್’ ಎಂಬ ಜರ್ಮನ್ ಯುದ್ಧನೌಕೆ ಹಿಂದೂ ಮಹಾಸಾಗರದಲ್ಲಿ ಕಳ್ಳಬೆಕ್ಕಿನಂತೆ ಓಡಾಡುತ್ತಿತ್ತು. ಸೆಪ್ಟೆಂಬರ್ ೨೨ರ ರಾತ್ರಿ ಅದು ಮದರಾಸಿನ ಬಂದರಿಗೆ ಗುಂಡು ಹಾರಿಸಿ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟು ಮಾಯವಾಯಿತು. ಎದೆಗಾರನನ್ನು ತಮಿಳರು ‘ಎಮ್ಡನ್’ ಎನ್ನುವುದು ಅಂದಿನಿಂದ ಬಂದ ರೂಢಿ. ನವೆಂಬರ್ ೯ರಂದು ಕೋಕೋಸ್ ದ್ವೀಪದ ಬಳಿ ಅದು ನಾಶವಾಗುವವರೆಗೆ ಸೈನಿಕರ ಹಡಗುಗಳು ಕಾವಲು ನೌಕೆಗಳಿಲ್ಲದೆ ಬಂದರು ಬಿಡುವಂತಿರಲಿಲ್ಲ. ಕಾವಲು ನೌಕೆಗಳಾದರೋ ಬೇಡಿದಷ್ಟು ಇರಲಿಲ್ಲ. ಆದ್ದರಿಂದ ಕಾಯಬೇಕು. ಕಾದ ಮೇಲೆ ಹೊರಟರೂ, ಸಾಲಿನಲ್ಲಿ ಅತ್ಯಂತ ನಿಧಾನದ ಹಡಗು ಎಷ್ಟು ವೇಗವೋ ಎಲ್ಲವೂ ಅಷ್ಟೇ ವೇಗ.

ಹೀಗೆ ಕಾಯಿಸಿದ್ದರಿಂದ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನ ನಮ್ಮ ದಂಡಿನ ಚರಿತ್ರೆಯಲ್ಲಿಯೇ ಇದೆ. ಅದೇ ಅಕ್ಟೋಬರಿನಲ್ಲಿ ‘ಬೆಂಗಳೂರು ಬ್ರಿಗೇಡು’ ಎಂಬ ಹೆಸರಿನ ೨೭ನೆಯ ಬ್ರಿಗೇಡನ್ನು ಜರ್ಮನರ ಪೂರ್ವ ಆಫ್ರಿಕದ ಮೇಲೆ ಕಳುಹಿಸಿದರು. ಸಿಪಾಯಿಗಳನ್ನು ಸೆಪ್ಟೆಂಬರ್ ಕೊನೆಗೇ ಮುಂಬಯಿಯಲ್ಲಿ ಹಡಗು ಹತ್ತಿಸಿ ಆಗಿತ್ತು. ಲಂಗರು ಎತ್ತಿದ್ದು ಅಕ್ಟೋಬರ್ ೧೬ಕ್ಕೆ. ಎರಡು ವಾರಕ್ಕೂ ಹೆಚ್ಚು ಕಾಲ, ಕಣ್ಣೆದುರಿಗೇ ದಡವಿದ್ದರೂ ಇಳಿಯುವಂತಿಲ್ಲದೆ, ಬಂದರಿನ ಸೆಖೆಯಲ್ಲಿ ಕಬ್ಬಿಣದ ಹೊಟ್ಟೆಯೊಳಗೆ ಒತ್ತಾಗಿ ಕುಳಿತರು. ಆಮೇಲೆ ಇನ್ನೆರಡು ವಾರ ತೆರೆಗಳ ಮೇಲೆ ವಾಂತಿ. ಕಡಲನ್ನೇ ಕಂಡರಿಯದವರು ಬಹಳ ಮಂದಿ. ಮೊಂಬಾಸದಲ್ಲಿ ಒಂದೆರಡು ದಿನ ನೆಲಕ್ಕಿಳಿಸಿ ಚೇತರಿಸಿಕೊಳ್ಳಲು ಬಿಡಿ ಎಂದು ಸಲಹೆ ಕೊಟ್ಟವರಿದ್ದರು. ಜನರಲ್ ಏಟ್ಕನ್ ಒಪ್ಪಲಿಲ್ಲ, ಅವಸರ. ನವೆಂಬರ್ ಮೊದಲ ವಾರ ಟಾಂಗಾ ಎಂಬ ಬಂದರಿನಲ್ಲಿ, ನೆಲದ ಮೇಲೆ ನಿಂತರೂ ತಲೆ ತೂಗುತ್ತಿದ್ದ ಆ ಎಂಟು ಸಾವಿರ ಜನರನ್ನು ದಡಕ್ಕಿಳಿಸಿ ಕಾಡಿನೊಳಗೆ ನುಗ್ಗಿಸಿದರು. ಎದುರಿಗಿದ್ದವರು ಸುಮಾರು ಒಂದು ಸಾವಿರ. ಗುಂಡಿನ ಸಪ್ಪಳಕ್ಕೆ ಕಾಡಿನ ಜೇನುಗಳೂ ಎದ್ದು ಮುತ್ತಿದವು. ಎಂಟುನೂರಕ್ಕೂ ಹೆಚ್ಚು ಜನ ಸತ್ತು, ಇಲ್ಲವೆ ಗಾಯಗೊಂಡು, ಉಳಿದವರು ಆರು ಲಕ್ಷ ತೋಟಾಗಳನ್ನು ದಡದಲ್ಲೇ ಬಿಟ್ಟು ಮತ್ತೆ ಅವೇ ಹಡಗುಗಳನ್ನು ಹತ್ತಿದರು. ಈ ಸೋಲನ್ನು ಇತಿಹಾಸಕಾರರು ಸೇನಾಪತಿಯ ಲೆಕ್ಕಕ್ಕೆ, ಸಿಪಾಯಿಯ ಲೆಕ್ಕಕ್ಕೆ, ಜೇನಿನ ಲೆಕ್ಕಕ್ಕೆ ಹಂಚಿದ್ದಾರೆ. ಹಡಗಿನೊಳಗೆ ಕಳೆದ ಆ ಒಂದು ತಿಂಗಳ ಲೆಕ್ಕಕ್ಕೂ ಒಂದು ಪಾಲು ಬರೆಯಬೇಕೆಂದು ನನಗೆ ತೋರುತ್ತದೆ.

ನಮ್ಮ ರಾವುತರ ಅದೃಷ್ಟ ಅಷ್ಟು ಕೆಟ್ಟದಾಗಿರಲಿಲ್ಲ. ಆದರೆ ರಾವುತನಿಗೆ ಸಿಪಾಯಿಗಿಲ್ಲದ ಇನ್ನೊಂದು ಹೊಣೆಯುಂಟು, ಅವನ ಕುದುರೆ. ಹಡಗಿನಲ್ಲಿ ಕುದುರೆ ಮಲಗುವಂತಿಲ್ಲ. ಎರಡು ಪಕ್ಕದಲ್ಲೂ ಹಲಗೆ ಕಟ್ಟಿದ ಇಕ್ಕಟ್ಟಿನ ಗೂಡಿನಲ್ಲಿ ಪ್ರಯಾಣ ಮುಗಿಯುವವರೆಗೂ ನಿಂತೇ ಇರಬೇಕು. ಹಡಗು ಹೊರಳಿದಾಗ ಅದೂ ಹೊರಳುತ್ತದೆ, ಬೆದರುತ್ತದೆ, ಒದೆಯುತ್ತದೆ. ಕೆಳಗಿನ ಅಟ್ಟಗಳಲ್ಲಿ ಗಾಳಿಯಾಡದೆ ಲದ್ದಿಯ ನಾತ, ಸೆಖೆ. ಸವಾರ ತಾನೇ ವಾಂತಿ ಮಾಡಿಕೊಳ್ಳುತ್ತಿದ್ದರೂ ಅದರ ಕಾಲು ತಿಕ್ಕಬೇಕು, ನೀರು ಕುಡಿಸಬೇಕು, ಗೂಡು ಬಳಿಯಬೇಕು. ಕುದುರೆಯ ಹೊಟ್ಟೆ ತುಂಬಿಸದೆ ಸವಾರ ಊಟಕ್ಕೆ ಕೂರಬಾರದೆಂಬುದು ಅಶ್ವದಳದ ಮೊದಲ ಪಾಠ. ಆ ಪಾಠದ ನಿಜವಾದ ಬೆಲೆ ಗೊತ್ತಾಗುವುದು ಹಡಗಿನ ತಳ ಅಟ್ಟದಲ್ಲಿ.

ನವೆಂಬರಿನಲ್ಲಿ ಅವರು ಸೂಯೆಜ್ ತಲುಪಿದರು. ಹೈದರಾಬಾದು, ಪಟಿಯಾಲ ಮುಂತಾದ ಸಂಸ್ಥಾನಗಳ ರಾವುತರೊಡನೆ ಸೇರಿ ಒಂದು ಬ್ರಿಗೇಡಾದರು. ಕೆಲಸ, ಸೂಯೆಜ್ ಕಾಲುವೆಯ ಕಾವಲು. ಕಾಲುವೆಯ ಉದ್ದ ಸುಮಾರು ನೂರು ಮೈಲಿ. ಇಂಡಿಯಕ್ಕೂ ಇಂಗ್ಲೆಂಡಿಗೂ ನಡುವಣ ಕೊರಳ ನಾಳ ಅದು. ೧೯೧೫ರ ಫೆಬ್ರವರಿ ೩ರ ಬೆಳಗಿನ ಜಾವ ತುರ್ಕರು ತಗಡಿನ ದೋಣಿಗಳನ್ನು ಸಿನಾಯ್ ಮರಳುಗಾಡಿನ ಉದ್ದಕ್ಕೂ ಎಳೆದು ತಂದು ಕಾಲುವೆ ದಾಟಲು ನೋಡಿದರು; ಆಗಲಿಲ್ಲ. ಅದಾದ ಮೇಲೆ ಅಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ. ಉಳಿದದ್ದು ಕಾವಲು.

ಆ ಕಾವಲಿನ ಒಂದು ವಿವರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಶತ್ರುಗಳು ರಾತ್ರಿಯ ಹೊತ್ತು ಕಳ್ಳತನದಿಂದ ಬಂದು ಕಾಲುವೆಯ ನೀರಿನಲ್ಲಿ ಸಿಡಿಗುಂಡು ಇಟ್ಟು ಹೋಗುತ್ತಿದ್ದರು. ಅದನ್ನು ಪತ್ತೆಮಾಡಲು ಒಂದು ಉಪಾಯ ಹೂಡಿದರು. ಪೂರ್ವದ ದಡದುದ್ದಕ್ಕೂ ಅಗಲವಾದ ಒಂದು ಪಟ್ಟಿಯಲ್ಲಿ ಪ್ರತಿ ಸಂಜೆ ಮರದ ತುಂಡನ್ನೋ ಪೊದೆಯನ್ನೋ ಎಳೆದು, ನಮ್ಮ ರೈತ ಹಲುಬೆ ಹೊಡೆದ ಹಾಗೆ, ಮರಳನ್ನು ನುಣ್ಣಗೆ ಮಾಡುವುದು. ಬೆಳಿಗ್ಗೆ ಸವಾರರು ಅದರ ಪಕ್ಕದಲ್ಲೇ ಸಾಗುತ್ತ ಹೆಜ್ಜೆಗುರುತು ಇದೆಯೇ ಎಂದು ನೋಡುವುದು. ಇಲ್ಲದಿದ್ದರೆ ಸಂಜೆ ಮತ್ತೆ ಎಳೆಯುವುದು. ಬಹುತೇಕ ದಿನ ಇರುತ್ತಿರಲಿಲ್ಲ. ಮರಳು ಬಾಚುವುದು, ಮರಳು ಓದುವುದು; ಹೀಗೆ ದಿನದ ಮೇಲೆ ದಿನ. ಮೈಸೂರಿನಲ್ಲಿ ದಸರಾ ಮೆರವಣಿಗೆಗೆ ಭರ್ಜಿ ಹಿಡಿದು ಹೊರಡುತ್ತಿದ್ದ ಅಶ್ವದಳದವರಿಗೆ ಅದೆಷ್ಟು ಬೇಸರವಾಗಿರಬೇಕು!

ಊಟವೂ ಬದಲಾಗಿತ್ತು. ಇಂಡಿಯದ ಸೈನಿಕನಿಗೆ ಗೊತ್ತುಮಾಡಿದ್ದ ರೇಷನ್ನು ಎಂದರೆ ಗೋಧಿ ಹಿಟ್ಟು, ಬೇಳೆ, ತುಪ್ಪ, ಬೆಲ್ಲ, ಉಪ್ಪು, ಶುಂಠಿ, ಮೆಣಸಿನಕಾಯಿ, ಅರಿಸಿನ. ಉತ್ತರದವನಿಗೆ ಅದು ಮನೆಯೂಟ. ಮುದ್ದೆ ನುಂಗಿ ಬೆಳೆದವನಿಗೆ ರೊಟ್ಟಿಯೇ ಪರದೇಶ. ಕುದುರೆಗೂ ಹಾಗೆಯೇ: ಹುರುಳಿಯ ಬದಲು ಬಾರ್ಲಿ, ಹುಲ್ಲಿನ ಬದಲು ‘ತಿಬ್ಬನ್’ ಎಂಬ ಕೊಚ್ಚಿದ ಒಣ ಹೊಟ್ಟು. ಮೇವಿನ ಜೊತೆಗೆ ಮರಳೂ ಹೊಟ್ಟೆ ಸೇರಿ ಕುದುರೆಗಳು ಶೂಲೆ ಬಂದು ಸಾಯುತ್ತಿದ್ದವು.

ಇನ್ನು ಮನೆಯ ಸುದ್ದಿ. ಬ್ರಿಟಿಷ್ ಸಿಪಾಯಿ ಫ್ರಾನ್ಸಿನ ಕಂದಕದಲ್ಲಿದ್ದರೂ ಅವನ ಊರು ಒಂದು ಕಡಲುಗಾಲುವೆಯ ಆಚೆ. ವರ್ಷಕ್ಕೊಮ್ಮೆಯಾದರೂ ಕೆಲವು ದಿನದ ರಜೆಯ ಆಸೆ ಅವನಿಗಿತ್ತು. ನಮ್ಮವರಿಗೆ ನಡುವೆ ಮೂರು ಸಾವಿರ ಮೈಲಿಯ ನೀರು. ಇದ್ದ ಹಡಗುಗಳಲ್ಲಿ ಮದ್ದುಗುಂಡಿಗೆ ಜಾಗ ಮೊದಲು, ರಜೆಯವನಿಗೆ ಕೊನೆಗೆ. ಉಳಿದದ್ದು ಕಾಗದ. ಅದಾದರೂ ಓದು ಬರಹ ಬಲ್ಲ ಇನ್ನೊಬ್ಬನ ಕೈಯಲ್ಲಿ ಬರೆಸಬೇಕು. ಊರಿನಲ್ಲಿ ಶಾನುಭೋಗರೋ ಮೇಷ್ಟರೋ ಓದಿ ಹೇಳಬೇಕು. ಹೆಂಡತಿಗೆ ಹೇಳಬೇಕಾದ ಮಾತನ್ನು ಇಬ್ಬರು ಪರಕೀಯರ ಬಾಯಿಂದ ದಾಟಿಸುವುದು ಹೇಗೆ? ನಡುವೆ ಮೂರನೆಯವನೊಬ್ಬನಿದ್ದ, ಸೆನ್ಸಾರಿನವನು.

ಈ ಸೆನ್ಸಾರಿನಿಂದಲೇ ಚರಿತ್ರೆಗೆ ಒಂದು ಉಪಕಾರವಾಯಿತು. ಫ್ರಾನ್ಸಿಗೆ ಹೋದ ಇಂಡಿಯದ ಸೈನ್ಯದ ಕಾಗದಗಳನ್ನು ೧೯೧೪ರ ಕೊನೆಯಿಂದ ಕ್ಯಾಪ್ಟನ್ ಹೋವೆಲ್ ಎಂಬ ಅಧಿಕಾರಿಯ ಕಚೇರಿ ಒಡೆದು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಭಾಷಾಂತರಿಸಿ ಇಟ್ಟಿತು. ಆ ಕಟ್ಟುಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ, ಅಚ್ಚೂ ಆಗಿವೆ. ಅವನ್ನು ಓದಿದವರಿಗೆ ಎದ್ದು ಕಾಣುವುದು ಸಾವಿನ ಭಯಕ್ಕಿಂತ ಹೆಚ್ಚಾಗಿ ಒಂದು ಕುಂದುಕೊರತೆ: ಗಾಯಗೊಂಡವನನ್ನು ಆಸ್ಪತ್ರೆಯಿಂದ ಊರಿಗೆ ಕಳುಹಿಸುವ ಬದಲು, ಗಾಯ ಮಾಯ್ದೊಡನೆ ಮತ್ತೆ ಕಂದಕಕ್ಕೇ ಅಟ್ಟುತ್ತಾರಲ್ಲ ಎಂಬುದು. ಕೈಯೋ ಕಾಲೋ ಹೋದವನಿಗೆ ಹಡಗುಂಟು, ನೆಟ್ಟಗಿರುವವನಿಗೆ ಇಲ್ಲ. ಸೆನ್ಸಾರಿನ ಕಣ್ಣು ತಪ್ಪಿಸಲು ಅವರು ಕಂಡುಕೊಂಡ ಗುಟ್ಟಿನ ಭಾಷೆಯೂ ಅಡಿಗೆಮನೆಯದೇ. ಕರಿಮೆಣಸು ಎಂದರೆ ಇಂಡಿಯದ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ. ಕರಿಮೆಣಸು ಮುಗಿಯುತ್ತ ಬಂದಿದೆ ಎಂದು ಬರೆದರೆ ಊರಿನವರು ಅರ್ಥ ಮಾಡಿಕೊಳ್ಳಬೇಕು. ಹೋವೆಲ್ ಸಾಹೇಬರ ಕಚೇರಿಯೂ ಅರ್ಥ ಮಾಡಿಕೊಂಡಿತು.

ಈಗ ನಮ್ಮ ರಾವುತರ ಬಳಿಗೆ ಹಿಂದಿರುಗೋಣ. ೧೯೧೬ರಿಂದ ಬ್ರಿಟಿಷರ ಸೈನ್ಯ ಕಾಲುವೆ ಬಿಟ್ಟು ಪೂರ್ವಕ್ಕೆ, ಸಿನಾಯ್ ಮರಳುಗಾಡನ್ನು ಹಾಯತೊಡಗಿತು. ಆ ನಡಿಗೆಯ ವೇಗವನ್ನು ಗೊತ್ತುಮಾಡಿದ್ದು ಸೇನಾಪತಿಯಲ್ಲ, ನೀರಿನ ಕೊಳವೆ. ಮರಳಿನ ಮೇಲೆ ರೈಲುಕಂಬಿ ಹಾಸುತ್ತ, ಅದರ ಪಕ್ಕದಲ್ಲೇ ನೈಲ್ ನದಿಯ ನೀರಿಗೆ ಕೊಳವೆ ಹೂಳುತ್ತ, ಅವು ಮುಂದುವರಿದಷ್ಟೇ ಸೈನ್ಯವೂ ಮುಂದುವರಿಯಿತು. ನೈಲ್ ನದಿಯ ನೀರು ಪ್ಯಾಲೆಸ್ತೀನಿಗೆ ಹರಿದಾಗ ಪ್ರವಾದಿಯೊಬ್ಬ ಬಂದು ತುರ್ಕರನ್ನು ಓಡಿಸುತ್ತಾನೆಂದು ಅರಬರಲ್ಲಿ ಒಂದು ಹೇಳಿಕೆಯಿತ್ತಂತೆ. ನೀರು ಹರಿಯಿತು. ೧೯೧೭ರಲ್ಲಿ ಬಂದ ಹೊಸ ಸೇನಾಪತಿಯ ಹೆಸರು ಅಲೆನ್‌ಬಿ. ಅರಬರ ಬಾಯಲ್ಲಿ ಅದು ‘ಅಲ್-ನಬಿ’, ಎಂದರೆ ಪ್ರವಾದಿ! ಆದರೆ ಕೊಳವೆಯ ಕೊನೆಯಿಂದ ಆಚೆಗೆ ಹೋದ ರಾವುತನಿಗೆ ಈ ಪವಾಡ ಒದಗುತ್ತಿರಲಿಲ್ಲ. ಆ ನವೆಂಬರಿನಲ್ಲಿ ಗಾಜಾ ಬಿದ್ದು, ಓಡುವ ತುರ್ಕರನ್ನು ಅಟ್ಟಿಸಿಕೊಂಡು ಹೋದಾಗ, ಎರಡು ದಿನ ಎರಡು ರಾತ್ರಿ ನೀರು ಕಾಣದ ಕುದುರೆಗಳಿದ್ದವು. ಒಂದು ಹಳ್ಳಿಯಲ್ಲಿ ಬಾವಿ ಸಿಕ್ಕಿದರೂ ಅದು ಆಳದ ಬಾವಿ. ನೂರಾರು ಕುದುರೆಗಳಿಗೆ ಒಂದೊಂದು ಬಕೆಟ್ಟಿನಂತೆ ಸೇದಿ ಮುಗಿಸುವ ಹೊತ್ತಿಗೆ ಮುಂದಕ್ಕೆ ಹೊರಡುವ ಅಪ್ಪಣೆ ಬಂದಿರುತ್ತಿತ್ತು.

೧೯೧೮ರ ಬೇಸಿಗೆಯನ್ನು ಅವರು ಜೋರ್ಡಾನ್ ಕಣಿವೆಯಲ್ಲಿ ಕಳೆದರು. ಕಡಲ ಮಟ್ಟಕ್ಕಿಂತ ಸಾವಿರದ ಇನ್ನೂರು ಅಡಿ ಕೆಳಗಿರುವ ನೆಲ ಅದು. ಬೇಸಿಗೆಯಲ್ಲಿ ಅಲ್ಲಿಯ ಅರಬರೇ ಬೆಟ್ಟಕ್ಕೆ ಹತ್ತಿ ಹೋಗುತ್ತಾರೆ. ಕಾಲಿಟ್ಟರೆ ಹಿಟ್ಟಿನಂತೆ ಏಳುವ ಧೂಳು, ಚೇಳು, ಸೊಳ್ಳೆ. ನಮ್ಮ ಬೆಂಗಳೂರಿನ ಹವೆಯಲ್ಲಿ ಬೆಳೆದವರು ನೂರಹತ್ತು ಡಿಗ್ರಿಗೂ ಮೇಲಿನ ಬಿಸಿಲಲ್ಲಿ ಡೇರೆ ಹಾಕಿ, ಸೊಳ್ಳೆ ಮೊಟ್ಟೆಯಿಡದಂತೆ ಜೌಗು ನೆಲದಲ್ಲಿ ಕಾಲುವೆ ತೋಡಿ ನೀರು ಹರಿಸಬೇಕಾಯಿತು. ಜುಲೈ ೧೪ರಂದು ನದಿಯ ಹಾಯಗಡದ ಬಳಿ ಜೋಧಪುರದವರೊಡನೆ ಸೇರಿ ಒಂದು ದಾಳಿಯನ್ನೂ ಮಾಡಿದರು. ಅಂದಿನ ಒಂದು ಬೆಳಗನ್ನು ಬಿಟ್ಟರೆ ಉಳಿದುದೆಲ್ಲ ಧೂಳಿನೊಡನೆ, ಜ್ವರದೊಡನೆ ಯುದ್ಧ.

ಸೆಪ್ಟೆಂಬರಿನಲ್ಲಿ ಒಂದು ತಮಾಷೆ ನಡೆಯಿತು. ದಾಳಿ ನಡೆಸಬೇಕಾದದ್ದು ಕಡಲ ಬದಿಯಲ್ಲಿ. ಕಣಿವೆಯಲ್ಲೇ ಎಂದು ತುರ್ಕರು ನಂಬಬೇಕು. ಅದಕ್ಕಾಗಿ ಡೇರೆಗಳನ್ನು ಇದ್ದಲ್ಲೇ ಬಿಟ್ಟು, ಕಟ್ಟಿಗೆ, ಕ್ಯಾನ್ವಾಸುಗಳಿಂದ ಹದಿನೈದು ಸಾವಿರ ಸುಳ್ಳು ಕುದುರೆಗಳನ್ನು ಮಾಡಿ ಸಾಲಾಗಿ ನಿಲ್ಲಿಸಿದರು. ನೀರಿಗೆ ಹೊರಟ ಕುದುರೆಗಳ ಧೂಳಿನಂತೆ ಕಾಣಲೆಂದು ಹೇಸರಗತ್ತೆಗಳಿಗೆ ಹಲಗೆ ಕಟ್ಟಿ ಎಳೆಸಿದರು. ನಿಜವಾದ ರಾವುತರು ರಾತ್ರಿಯ ಕತ್ತಲಲ್ಲಿ ನಡೆದು, ಹಗಲು ಜಾಫಾ ಸುತ್ತಿನ ಕಿತ್ತಳೆಯ ತೋಟಗಳಲ್ಲಿ ಅಡಗಿದರು. ಅಲ್ಲಿ ಒಲೆ ಹೊತ್ತಿಸಿ ಹೊಗೆಯೆಬ್ಬಿಸುವಂತಿರಲಿಲ್ಲ. ನಾಲ್ಕು ವರ್ಷದಿಂದ ಮರಳನ್ನೇ ಕಂಡ ಕಣ್ಣುಗಳಿಗೆ ಕಿತ್ತಳೆಯ ನೆರಳು ಸಿಕ್ಕಿದ್ದು ಹೀಗೆ, ಕದ್ದು.

ಅಲ್ಲಿಂದ ಮುಂದಿನದು ಎಲ್ಲರೂ ಬಲ್ಲ ಕಥೆ. ಸೆಪ್ಟೆಂಬರ್ ೧೯ರಂದು ದಾಳಿ ಶುರುವಾಯಿತು. ೨೩ರಂದು, ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ಇವುಗಳ ನಡುವಣ ಇಕ್ಕಟ್ಟಿನಲ್ಲಿ ಜೋಧಪುರದ ರಾವುತರು ಹೈಫಾ ಪಟ್ಟಣಕ್ಕೆ ನುಗ್ಗಿದರು. ಬೆಟ್ಟದ ಕಡಿದಾದ ಕಾಲುದಾರಿ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿದವರು ಮೈಸೂರಿನವರು. ಸೆರೆಸಿಕ್ಕ ತುರ್ಕ, ಜರ್ಮನ್ ಸೈನಿಕರು ೧,೩೫೦. ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ ೧೯೨೨ರಿಂದ ನಿಂತಿರುವ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು, ಉಳಿದವು ಹೈದರಾಬಾದು ಮತ್ತು ಜೋಧಪುರದವು. ೨೦೧೮ರಲ್ಲಿ ಆ ವೃತ್ತದ ಹೆಸರಿಗೆ ‘ಹೈಫಾ’ ಎಂಬುದನ್ನೂ ಸೇರಿಸಿದರು. ಆ ಶೌರ್ಯಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಹೈಫಾದ ನಂತರವೂ ಅವರಿಗೆ ನಿಲುಗಡೆ ಸಿಗಲಿಲ್ಲವೆಂಬುದನ್ನು ಮರೆಯಬಾರದು. ಅವರಿದ್ದ ಡಿವಿಜನ್ನು ಡಮಾಸ್ಕಸ್, ಹೋಮ್ಸ್, ಹಮಾ ದಾಟಿ ಅಲೆಪ್ಪೊದವರೆಗೆ ನಡೆಯಿತು. ಮೂವತ್ತೆಂಟು ದಿನಗಳಲ್ಲಿ ಐನೂರು ಮೈಲಿಗೂ ಮೇಲೆ. ಕಣಿವೆಯ ಸೊಳ್ಳೆಗಳು ಮೈಯೊಳಗೆ ಬಿತ್ತಿದ್ದ ಮಲೇರಿಯಾ ದಾರಿಯಲ್ಲಿ ಫಲ ಕೊಟ್ಟಿತು. ಮೇಲೆ ಇನ್‌ಫ್ಲುಯೆಂಜಾ. ಗುಂಡಿಗೆ ಬಿದ್ದವರಿಗಿಂತ ಜ್ವರಕ್ಕೆ ಬಿದ್ದವರೇ ಹೆಚ್ಚಾಗಿ, ಡಮಾಸ್ಕಸ್ಸಿನ ಆಸ್ಪತ್ರೆಗಳು ತುಂಬಿಹೋದವು. ಅಕ್ಟೋಬರ್ ೨೬ರಂದು ಅಲೆಪ್ಪೊದ ಉತ್ತರಕ್ಕೆ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರದವರು ಕೊನೆಯ ಸಲ ಭರ್ಜಿ ಎತ್ತಿ ಏರಿಹೋದರು. ಆ ರಂಗದಲ್ಲಿ ಅದೇ ಕೊನೆಯ ಕಾಳಗ. ಐದು ದಿನ ಕಳೆದು, ೩೧ರ ಮಧ್ಯಾಹ್ನ, ಕದನ ನಿಂತಿತು.

ಕದನ ನಿಂತಿತು; ಇನ್ನು ಊರು. ಅಂದು ಪ್ರತಿಯೊಬ್ಬನೂ ಹಾಗೆಂದೇ ಲೆಕ್ಕ ಹಾಕಿರಬೇಕು. ದೀಪಾವಳಿಗೆ ಆಗದಿದ್ದರೆ ಸಂಕ್ರಾಂತಿಗೆ, ಸಂಕ್ರಾಂತಿಗೆ ತಪ್ಪಿದರೆ ಯುಗಾದಿಗೆ.

ಹಡಗಿರಲಿಲ್ಲ. ಜರ್ಮನರ ಮುಳುಗುನೌಕೆಗಳು ಕೆಡವಿದ ಹಡಗುಗಳು ಎಷ್ಟೋ. ಉಳಿದವುಗಳಿಗಾಗಿ ಅರ್ಧ ಪ್ರಪಂಚ ಸಾಲುಗಟ್ಟಿತ್ತು. ಇಂಗ್ಲೆಂಡಿನವನು, ಆಸ್ಟ್ರೇಲಿಯದವನು, ಕೆನಡದವನು, ಎಲ್ಲರೂ ಮನೆಗೆ ಹೋಗಬೇಕು. ಕಾಯಲಾರದವರು ಗದ್ದಲವೆಬ್ಬಿಸಿದರು. ೧೯೧೯ರ ಜನವರಿ ೩ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಬಂದರಿನಲ್ಲಿ ರಜೆ ಮುಗಿಸಿ ಬಂದ ಸಾವಿರಾರು ಸಿಪಾಯಿಗಳು ಫ್ರಾನ್ಸಿನ ಹಡಗನ್ನು ಹತ್ತುವುದೇ ಇಲ್ಲವೆಂದು ಕುಳಿತರು. ಮಾರ್ಚಿನಲ್ಲಿ ವೇಲ್ಸ್ ಪ್ರಾಂತದ ಒಂದು ಶಿಬಿರದಲ್ಲಿ, ಹಡಗು ಮತ್ತೆ ಮತ್ತೆ ಮುಂದಕ್ಕೆ ಹೋದದ್ದನ್ನು ತಾಳಲಾರದೆ ಕೆನಡದವರು ದಂಗೆಯೆದ್ದು ಐವರು ಸತ್ತರು. ಯುದ್ಧದಲ್ಲಿ ಬದುಕಿದವರು ಮನೆಯ ದಾರಿ ಕಾಯುತ್ತ ಸತ್ತರು! ಬಿಳಿಯ ಸಿಪಾಯಿಗೆ ಅವನ ಊರಿನಲ್ಲಿ ಮತವಿತ್ತು, ಪತ್ರಿಕೆಯಿತ್ತು. ಅವನ ಕೂಗು ಮಂತ್ರಿಗಳಿಗೆ ಕೇಳಿಸಿತು. ಅವನು ಮೊದಲು ಹೊರಟ. ಅವನು ತೆರವು ಮಾಡಿದ ಠಾಣ್ಯಗಳನ್ನು ಕಾಯಲು ಇಂಡಿಯದ ಸೈನ್ಯವನ್ನು ಇರಿಸಿಕೊಂಡರು. ಸಾಲದ್ದಕ್ಕೆ ೧೯೧೯ರ ಮಾರ್ಚಿನಲ್ಲಿ ಈಜಿಪ್ಟಿನ ಜನ ಸ್ವಾತಂತ್ರ್ಯಕ್ಕಾಗಿ ಎದ್ದು ರೈಲುಕಂಬಿಗಳನ್ನು ಕಿತ್ತರು. ಸೈನ್ಯವನ್ನು ಬಿಟ್ಟುಕೊಡುವ ಮಾತು ಮತ್ತೆ ಹಿಂದಕ್ಕೆ ಬಿತ್ತು. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ಇನ್ನೊಂದು ದಸರೆಯೂ ಹೋಯಿತು. ಮೈಸೂರು ಲಾನ್ಸರ್ಸ್ ಬೆಂಗಳೂರಿಗೆ ಮರಳಿದ್ದು ೧೯೨೦ರ ಆರಂಭದಲ್ಲಿ. ಕೊನೆಯ ಗುಂಡು ಹಾರಿ ಒಂದು ವರ್ಷಕ್ಕೂ ಮಿಕ್ಕಿ ಕಳೆದಿತ್ತು. ಹೋಗುವಾಗ ಎರಡೂವರೆ ತಿಂಗಳಲ್ಲಿ ಸಿದ್ಧವಾದ ಹಡಗು, ಬರುವಾಗ ಹದಿನಾಲ್ಕು ತಿಂಗಳಾದರೂ ಸಿದ್ಧವಾಗಲಿಲ್ಲ.

ಕುದುರೆಗಳ ವಿಷಯ ಇನ್ನೂ ಕರುಣಾಜನಕ. ಆ ರಣರಂಗದಲ್ಲಿ ಕಾದಿದ ಸಾವಿರಾರು ಕುದುರೆಗಳಿಗೆ ಹಡಗಿನಲ್ಲಿ ಜಾಗವೇ ದೊರೆಯಲಿಲ್ಲ. ಅವನ್ನು ಅಲ್ಲೇ ಮಾರಿದರು. ೧೯೩೦ರಲ್ಲಿ ಕೈರೋ ನಗರಕ್ಕೆ ಬಂದ ಡೊರೊತಿ ಬ್ರೂಕ್ ಎಂಬ ಆಂಗ್ಲ ಮಹಿಳೆ, ಗಾಡಿಗಳನ್ನೂ ಗಾಣಗಳನ್ನೂ ಎಳೆದು ಎಲುಬಾಗಿದ್ದ ಮುದಿ ಕುದುರೆಗಳಲ್ಲಿ ಸೈನ್ಯದ ಮುದ್ರೆಯನ್ನು ಗುರುತಿಸಿ ಮರುಗಿ, ೧೯೩೪ರಲ್ಲಿ ಅವುಗಳಿಗಾಗಿ ಆಸ್ಪತ್ರೆಯನ್ನೇ ಕಟ್ಟಿಸಿದರು. ಹದಿನೈದು ವರ್ಷದ ಮೇಲೂ ಅವು ಇನ್ನೂ ರಣರಂಗದಿಂದ ಹಿಂದಿರುಗಿರಲಿಲ್ಲ ಎಂದೇ ಹೇಳಬೇಕು.

ಹಿಂದಿರುಗಿದ ರಾವುತರು ಕಂಡದ್ದೇನು? ಅವರು ಹೈಫಾದಿಂದ ಅಲೆಪ್ಪೊದ ಕಡೆಗೆ ನಡೆಯುತ್ತಿದ್ದ ದಿನಗಳಲ್ಲಿಯೇ, ೧೯೧೮ರ ಆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿಯೇ, ಬೆಂಗಳೂರು, ಮೈಸೂರುಗಳನ್ನೂ ಅದೇ ಇನ್‌ಫ್ಲುಯೆಂಜಾ ಹೊಕ್ಕಿತ್ತು. ಅದು ಇಂಡಿಯದಲ್ಲಿ ಮೊದಲು ತಲೆದೋರಿದ್ದು ಆ ವರ್ಷದ ಜೂನಿನಲ್ಲಿ, ಸೈನಿಕರ ಹಡಗುಗಳು ಬಂದು ಹೋಗುತ್ತಿದ್ದ ಮುಂಬಯಿ ಬಂದರಿನಲ್ಲಿ. ಸಿಪಾಯಿಗೆ ಸಿಗದ ಹಡಗಿನಲ್ಲಿ ಜ್ವರಕ್ಕೆ ಜಾಗ ಸಿಕ್ಕಿತ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಸಾಯಲು ಹೊರಟಿದ್ದವನು ಬದುಕಿ ಬಂದು ಬಾಗಿಲಲ್ಲಿ ನಿಂತರೆ, ಕ್ಷೇಮವಾಗಿರಲೆಂದು ಮನೆಯಲ್ಲಿ ಬಿಟ್ಟುಹೋದವರೇ ಇಲ್ಲ. ಎಷ್ಟು ಮನೆಗಳಲ್ಲಿ ಹೀಗಾಗಿರಬೇಕು! ಆರು ತಿಂಗಳ ಮಗುವನ್ನು ಬಿಟ್ಟು ಹೋದವನಿಗೆ, ಬರುವಾಗ ಐದು ವರ್ಷ ದಾಟಿದ ಹುಡುಗ ಬಾಗಿಲು ತೆರೆದು “ಯಾರು ಬೇಕು?” ಎಂದಿರಬೇಕು.

ಜೆ. ಸಿ. ನಗರದ ಕಂಬದ ಮೇಲಿರುವುದು ಸತ್ತವರ ಹೆಸರು. ಅದು ನ್ಯಾಯವೇ. ಕಾದವರ ಹೆಸರು ಬರೆಯುವಷ್ಟು ಅಗಲದ ಕಲ್ಲು ಎಲ್ಲಿ ಸಿಕ್ಕೀತು? ಕಾಯುವುದಕ್ಕೆ ಪದಕವಿಲ್ಲ, ಅದಕ್ಕೊಂದು ತಾರೀಖೂ ಇಲ್ಲ. ಆದರೆ ಒಬ್ಬ ಸೈನಿಕನ ಆಯುಷ್ಯದಿಂದ ರಾಜ್ಯ ತೆಗೆದುಕೊಳ್ಳುವುದು ರಕ್ತವನ್ನು ಮಾತ್ರವಲ್ಲ. ಯಾರೂ ಲೆಕ್ಕವಿಡದ ಹಬ್ಬಗಳನ್ನು, ನಾಮಕರಣಗಳನ್ನು, ತಾಯಿಯ ಕೊನೆಯ ದಿನಗಳನ್ನು ಅದು ತೆಗೆದುಕೊಳ್ಳುತ್ತದೆ. ಹೋಗುವ ಹಡಗಿಗೆ ಪಡುವ ಅವಸರದ ಕಾಲುಭಾಗವನ್ನಾದರೂ ಬರುವ ಹಡಗಿಗೆ ಪಟ್ಟಿದ್ದರೆ, ಎಷ್ಟೋ ಮನೆಗಳ ಚರಿತ್ರೆ ಬೇರೆಯಾಗುತ್ತಿತ್ತು.

ಆ ಮಂಜಿನ ರಾತ್ರಿ ಬೆಳಗಿನ ನಾಲ್ಕು ಗಂಟೆಗೆ ಒಂದು ಗಾಡಿ ಬಂತು. ಕಾಲಿಡಲು ಜಾಗವಿರಲಿಲ್ಲ. ಗೋಕಾಕದ ಹುಡುಗ ಮೊದಲು ನನ್ನ ಚೀಲವನ್ನು ಒಳಗೆ ತೂರಿಸಿ, ಆಮೇಲೆ ನನ್ನನ್ನು ಹತ್ತಿಸಿ, ಕೊನೆಗೆ ತನ್ನ ಟ್ರಂಕನ್ನು ಬಾಗಿಲ ಬಳಿಯೇ ಇಟ್ಟು ಅದರ ಮೇಲೆ ಕುಳಿತ. ದಾರಿಯಲ್ಲಿ ಅವನು ಬೇರೆ ಗಾಡಿ ಹಿಡಿಯಬೇಕಾದ ಸ್ಟೇಷನ್ನಿನಲ್ಲಿ ಇಳಿಯುವ ಮುಂಚೆ ನನ್ನ ಫೋನಿನ ನಂಬರು ಕೇಳಿ ಬರೆದುಕೊಂಡ.

ಮೂರನೆಯ ದಿನ ಸಂಜೆ ಫೋನು ಬಂತು. “ಕಾಕಾರ, ಮುಟ್ಟಿದೆ ನೋಡ್ರಿ. ತೊಟ್ಟಿಲಾ ಹಾಕೂದು ಮುಗದಿತ್ತರಿ. ಅವ್ವ, ನಾ ಬರೂತನಾ ತೊಟ್ಟಿಲಿನ ಹೂವು ತಗೀಬ್ಯಾಡ್ರಿ ಅಂದು ಹಂಗ ಇಟ್ಟಿದ್ಳ್ರಿ.”

“ಮಗು ನೋಡಿದೆಯಾ? ನಿನ್ನ ಗುರುತು ಹಿಡಿಯಿತೆ?” ಎಂದೆ.

“ಇಲ್ರಿ,” ಎಂದು ನಕ್ಕ. “ನನ್ನ ಮೀಸಿ ನೋಡಿ ಚಿಟ್ಟನ ಚೀರ್ತು. ಈಗ ಮಲಗೇತ್ರಿ. ಎದ್ದ ಮ್ಯಾಲೆ ಮತ್ತೊಮ್ಮೆ ನೋಡ್ತೇನಿ.”